ಮುಂಡಪ್ಪನ ಮನೆಯ ಟ್ಯಾಂಕು

ಮೂವತ್ತೈದು ವರ್ಷ ನೌಪಾಡಾದ ಹೊಟೇಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರೂ ಮುಂಡಪ್ಪನ ಬಾಯಿಂದ 'ಸಂಡಾಸು' ಎಂಬ ಶಬ್ದ ಒಮ್ಮೆಯೂ ಹೊರಟದ್ದಿಲ್ಲ. ಗಿರಾಕಿಗಳು ಕೇಳಿದರೆ ಸುಮ್ಮನೆ ಗದ್ದ ಎತ್ತಿ ಹಿಂಬದಿ ತೋರಿಸುತ್ತಿದ್ದ.

ಅಂಥವನ ಠಾಕುರ್ಲಿಯ ಮನೆಗೆ ಪಾಲಿಕೆಯ ನೋಟೀಸು ಬಂತು. ಹೊಸ ಒಳಚರಂಡಿಗೆ ಜೋಡಿಸುವ ಮೊದಲು ಸೆಪ್ಟಿಕ್ ಟ್ಯಾಂಕಿನ ತಪಾಸಣೆಯಂತೆ. ಬುಧವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್ ಬರುತ್ತಾರಂತೆ. ಮೊದಲ ಸಾಲಿಗೇ ನಾಚಿಕೆಯಾಗಿ ಮುಂಡಪ್ಪ ಕಾಗದ ಮಡಚಿಟ್ಟ.

"ಯಾರೋ ಗುರ್ತಪರಿಚಯ ಇಲ್ಲದವ ಬಂದು ನಮ್ಮ... ಅದನ್ನು ಬಗ್ಗಿ ನೋಡುದಾ?" ಎಂದು ಹೆಂಡತಿಯ ಮುಂದೆ ತಲೆ ತಗ್ಗಿಸಿದ.

"ಮನೆಗೆ ಜನ ಬರುವಾಗ ಗುಡಿಸಿ ಒರೆಸಿ ಇಡುದಿಲ್ವಾ? ಇದೂ ಹಾಗೇ. ಖಾಲಿ ಮಾಡಿಸಿ ಬಿಡಿ," ಎಂದಳು ವಿನೋದಾ. "ಆದ್ರೆ ಗಲ್ಲಿಯವರಿಗೆ ಗೊತ್ತಾಗ್ಬಾರ್ದು ಮಾರಾಯ್ರೆ. ಮತ್ತೆ ನನ್ನ ನೀರುದೋಸೆ ಯಾರು ಮುಟ್ಟುದು?" ಆ ಗಲ್ಲಿಯ ಹತ್ತು ಹದಿನೈದು ಮನೆಗಳಿಗೆ ದಿನವೂ ಅವಳ ದೋಸೆಯೇ ತಿಂಡಿ.

ಬುಧವಾರ ಬೆಳಿಗ್ಗೆ ಮುಂಡಪ್ಪ ಹಿತ್ತಲಿಗೆ ಹೋಗಿ, ಉಲ್ಹಾಸನಗರದ ಗುತ್ತಿಗೆದಾರನಿಗೆ ಫೋನಿನಲ್ಲಿ ಪಿಸುಗುಟ್ಟಿದ. ಅವನಿಗೆ ಕೇಳಿಸಲಿಲ್ಲ. ಕೊನೆಗೆ ಸಿಟ್ಟು ಬಂದು, "ಟ್ಯಾಂಕರ್! ಟ್ಯಾಂಕರ್ ಭೇಜೋ!" ಎಂದು ಕೂಗಿಬಿಟ್ಟ.

ಕಂಪೌಂಡಿನ ಆಚೆಯಿಂದ ದ್ರೌಪದಿಯ ತಲೆ ಕುಕ್ಕರಿನ ಸೀಟಿಯ ಹಾಗೆ ಮೇಲೆದ್ದಿತು. ವಿಜಯಪುರದ ಕಡೆಯ ಈ ನೆರೆಯಾಕೆಗೆ ತಿಳಿದ ಸುದ್ದಿ ರೈಲಿಗಿಂತ ಬೇಗ ಕಲ್ಯಾಣ ಸ್ಟೇಷನ್ನು ಮುಟ್ಟುತ್ತಿತ್ತು.

"ಯಾವ ಟ್ಯಾಂಕರ್ ರೀ ಅಣ್ಣಾರ?"

"ನೀ... ನೀರಿನದು ಅಕ್ಕಾ."

ನಳದಲ್ಲಿ ನೀರು ಬಾರದೆ ಮೂರು ದಿನವಾಗಿತ್ತು. "ದೇವ್ರು ಬಂದಂಗ ಬಂದ್ರಿ ನೋಡ್ರಿ! ತಡೀರಿ, ಎಲ್ಲಾರಿಗೂ ಹೇಳಿ ಬರ್ತೀನಿ."

"ಬೇಡ ಅಕ್ಕಾ, ಯಾರಿಗೂ—" ಎನ್ನುವಷ್ಟರಲ್ಲಿ ಅವಳು ಮೂರನೇ ಮನೆಯ ಬಾಗಿಲಲ್ಲಿದ್ದಳು.

ಒಂಬತ್ತು ಗಂಟೆಗೆ ಮುಂಡಪ್ಪನ ಗೇಟಿನಿಂದ ತಿರುವಿನವರೆಗೆ ಬಿಂದಿಗೆ, ಬಕೆಟ್ಟು, ಪಾತೇಲಿಗಳ ಸಾಲು. ಅಜ್ಜಿಯೊಬ್ಬಳು ಅವನ ತಲೆ ಮುಟ್ಟಿ ಹರಸಿದಳು. ಮುಂಡಪ್ಪ ಬಿಸಿ ಕಾವಲಿಯ ಮೇಲೆ ನಿಂತವನಂತೆ ಕಾಲು ಬದಲಿಸುತ್ತಿದ್ದ. ಅಷ್ಟರಲ್ಲಿ ಟ್ಯಾಂಕರಿಗಿಂತ ಮೊದಲು ಅದರ ವಾಸನೆ ತಿರುವು ದಾಟಿ ಒಳಗೆ ಬಂತು. ಡ್ರೈವರು ಕತ್ತು ಹೊರಹಾಕಿ ಕೇಳಿದ, "ಸಂಡಾಸ್ ಕೀ ಟಂಕೀ ಕಿಸ್ಕೀ ಹೈ?"

ಇಡೀ ಸಾಲು ಮುಂಡಪ್ಪನತ್ತ ತಿರುಗಿತು. ಅವನು ಬಾಯಿ ತೆರೆಯದೆ ಗದ್ದ ಎತ್ತಿ ಹಿತ್ತಲು ತೋರಿಸಿದ. ದ್ರೌಪದಿ ಮೊದಲು ಬಿಂದಿಗೆಯ ಬಾಯಿಗೆ, ಆಮೇಲೆ ತನ್ನ ಮೂಗಿಗೆ ಸೆರಗು ಮುಚ್ಚಿದಳು. ಹತ್ತು ಗಂಟೆಯೊಳಗೆ ವಿನೋದಾಳ ಫೋನಿನ ತುಂಬ ಒಂದೇ ಮೆಸೇಜು: ಇವತ್ತು ದೋಸೆ ಬೇಡ.

ಮಧ್ಯಾಹ್ನ ಬಂದ ಇನ್‌ಸ್ಪೆಕ್ಟರ್ ಮುಚ್ಚಳ ತೆಗೆಸಿ ಟಾರ್ಚು ಬಿಟ್ಟ. ಒಳಗೆ ತೊಳೆದಿಟ್ಟ ಕಡಾಯಿಯ ಹಾಗಿತ್ತು. ಆ ದಿನ ಮೊದಲ ಬಾರಿಗೆ ಮುಂಡಪ್ಪನ ಎದೆ ಸ್ವಲ್ಪ ಉಬ್ಬಿತು.

"ಅರೇ ಕಾಕಾ, ಖಾಲೀ ಕ್ಯೋಂ ಕಿಯಾ?" ಇನ್‌ಸ್ಪೆಕ್ಟರ್ ಹಣೆ ಬಡಿದುಕೊಂಡ. ತುಂಬಿದ ಟ್ಯಾಂಕು ಸೋರುತ್ತದೋ ಇಲ್ಲವೋ ಎಂದು ನೋಡುವುದೇ ತಪಾಸಣೆ. ಖಾಲಿ ಮಾಡಬಾರದೆಂದು ನೋಟೀಸಿನ ಎರಡನೇ ಸಾಲಿನಲ್ಲೇ ಇತ್ತು. ಐದು ಗಂಟೆಯೊಳಗೆ ನೀರು ತುಂಬಿಸಿಡಲು ಹೇಳಿ ಅವನು ಹೊರಟುಹೋದ.

ಮುಂಡಪ್ಪ ಪುನಃ ಫೋನು ಹಿಡಿದ. ನಾಲ್ಕು ಗಂಟೆಗೆ ಬಂದದ್ದು ನಿಜವಾಗಿಯೂ ನೀರಿನ ಟ್ಯಾಂಕರೇ. ಅದನ್ನು ಕಂಡದ್ದೇ ತಡ, ಗಲ್ಲಿಯ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ಟ್ಯಾಂಕಿಗೆ ಪೈಪು ಇಳಿಸಿ ನೀರು ಬಿಟ್ಟಾಗ ಸಡಿಲ ಜೋಡಣೆಯಿಂದ ಕಾರಂಜಿಯೊಂದು ಚಿಮ್ಮಿ ದ್ರೌಪದಿಯ ಕಿಟಕಿಗೇ ಬಡಿಯಿತು.

"ಅಯ್ಯ ನನ್ನವ್ವ! ಕುಡಿಯೂ ನೀರು ಸಂಡಾಸದ ಟಾಕಿಗೆ ಬಿಡಾಕತ್ಯಾರ, ಬರ್ರೆವ್ವಾ!"

ಗಲ್ಲಿಗೆ ಗಲ್ಲಿಯೇ ಹಿತ್ತಲಿಗೆ ನುಗ್ಗಿತು. "ಮಕ್ಳು ಮೂರು ದಿನದಿಂದ ಮೈ ತೊಳ್ಕೊಂಡಿಲ್ಲ. ನಿಮಗ ಮನಸ್ಸರ ಹೆಂಗ ಬಂತ್ರೀ?" ಎಂದು ದ್ರೌಪದಿ ಕೇಳಿದಳು. ವಿವರಿಸಬೇಕೆಂದರೆ ಆ ಶಬ್ದ ಆಡಬೇಕು. ಅದು ಗಂಟಲು ದಾಟಲಿಲ್ಲ. ನಾಚಿಕೆಯಿಂದ ಮುಂಡಪ್ಪ ಪೈಪನ್ನೇ ಎತ್ತಿ ಅವಳ ಕೈಗೆ ಕೊಟ್ಟ.

ಐದು ಗಂಟೆಗೆ ಇನ್‌ಸ್ಪೆಕ್ಟರ್ ಬಂದಾಗ ಟ್ಯಾಂಕಿನ ತಳದಲ್ಲಿ ಗೇಣುದ್ದ ನೀರಿತ್ತು. "ಸೋಮವಾರ ಕೊನೆಯ ಸಲ ಬರುತ್ತೇನೆ. ಆಗಲೂ ತುಂಬಿರದಿದ್ದರೆ ಜೋಡಣೆ ಇಲ್ಲ," ಎಂದು ಹಿಂದಿಯಲ್ಲಿ ಗದರಿ ಹೋದ.

ತುಂಬಿದ ಬಿಂದಿಗೆ ಸೊಂಟಕ್ಕಿಟ್ಟು ನಿಂತಿದ್ದ ದ್ರೌಪದಿಯ ಮುಖ ಸಣ್ಣದಾಯಿತು. "ಇಷ್ಟ ಅಲ್ರೀ ಅಣ್ಣಾರ? ಮೊದ್ಲ ಹೇಳೂದಲ್ಲೇನು? ನಿಮ್ಮ ನೀರು ತಗೊಂಡೀವಿ, ಟಾಕಿ ತುಂಬಿಸೂ ಜವಾಬ್ದಾರಿ ನಮ್ದು." ಉಳಿದವರೂ ತಲೆಯಾಡಿಸಿದರು. ಮುಂಡಪ್ಪ ಕಣ್ಣು ಒದ್ದೆ ಮಾಡಿಕೊಂಡು ಎಲ್ಲರಿಗೂ ಕೈ ಮುಗಿದ.

ಮರುದಿನ ಬೆಳಿಗ್ಗೆ ಐದೂವರೆಗೇ ಬೆಲ್ಲಾಯಿತು. ಬಾಗಿಲು ತೆರೆದರೆ ದ್ರೌಪದಿ, ಅವಳ ಗಂಡ, ಅವರ ಹಿಂದೆ ತಿರುವಿನವರೆಗೆ ಗಲ್ಲಿಯ ಜನ. ಒಬ್ಬರ ಕೈಯಲ್ಲೂ ಬಿಂದಿಗೆ ಇಲ್ಲ; ಒಂದಿಬ್ಬರ ಕಂಕುಳಲ್ಲಿ ಪೇಪರು ಇತ್ತು.

"ನಾಚ್ಕೋಬ್ಯಾಡ್ರಿ ಅಣ್ಣಾರ, ದಾರಿ ಬಿಡ್ರಿ," ಎಂದಳು ದ್ರೌಪದಿ. "ನಮ್ಮನೆಯವ್ರು ನಿನ್ನೆ ಸಂಜಿಯಿಂದ ತಡ್ಕೊಂಡಾರ."