ಸಚಿವರು ಬರುವ ತನಕ ಭತ್ತ ಹೂ ಬಿಡತಕ್ಕದ್ದಲ್ಲ

ಸಚಿವರ ಸಮ್ಮುಖದಲ್ಲಲ್ಲದೆ ಭತ್ತವು ಹೂ ಬಿಡತಕ್ಕದ್ದಲ್ಲ ಎಂದು ಬೆಳೆ ಉತ್ಸವ ಇಲಾಖೆಯು ಎರಡು ಸಾವಿರದ ದಶಕದ ಒಂದು ಮುಂಗಾರಿನಲ್ಲಿ ಆದೇಶಿಸಿತು. ಅದಕ್ಕೂ ಮೊದಲು ಭತ್ತ ತನಗೆ ತೋಚಿದಾಗ ಹೂ ಬಿಡುತ್ತಿದ್ದು, ಶಾಮಿಯಾನದವರಿಗೆ ಬಹಳ ತೊಂದರೆಯಾಗಿತ್ತು.

ಹೂಬಿಡುವಿಕೆಯ ಉದ್ಘಾಟನೆಗೆ ಹಿರಿಯೂರು ಸೀಮೆಯ ಕಾಲುವೆ ಬಯಲಿನ ರೈತ ಹೆಂಗಸು ಹುಲಿಗೆಮ್ಮನ ಗದ್ದೆ ಆಯ್ಕೆಯಾಯಿತು. ಪೈರು ಇನ್ನೂ ತೆನೆಯ ಹೊಡೆ ಕಟ್ಟಿರಲಿಲ್ಲ. ಅಷ್ಟರಲ್ಲಿ ಸಚಿವರ ಪ್ರವಾಸ ಮುಂದಕ್ಕೆ ಹೋಯಿತು. ಇಲಾಖೆಯ ಅಧಿಕಾರಿ ಶಿವಕುಮಾರಪ್ಪನವರು ವಿಜ್ಞಾನಿ ಬಿಂದು ಅವರನ್ನು ಕರೆಸಿದರು.

"ಮೇಡಂ, ಭತ್ತಕ್ಕೆ ಸ್ವಲ್ಪ ತಡಿ ಅಂತ ಹೇಳಾಕೆ ಬರ್ತೈತೇನ್ರಿ?"

"ಇದು ಹಳೇ ತಳಿ ಸಾರ್. ರಾತ್ರಿ ಉದ್ದ ಆದಾಗ ಎಲೆಯೊಳಗೆ ಒಂದು ಜೀನು ಎಚ್ಚರ ಆಗ್ತದೆ, ಒಂದು ಪ್ರೋಟೀನು ತಯಾರಾಗ್ತದೆ. ಅದು ಸುಳಿಗೆ ಮುಟ್ಟಿದ್ರೆ ಸುಳಿ ಎಲೆ ಬಿಡೋದು ನಿಲ್ಲಿಸಿ ತೆನೆ ಕಟ್ಟಾಕೆ ಶುರು ಮಾಡ್ತದೆ. ರಾತ್ರಿಯೆಲ್ಲ ದೀಪ ಉರಿಸಿದ್ರೆ ಆ ಜೀನು ಏಳಲ್ಲ. ಆದ್ರೆ ಹಂಗೆ ಮಾಡಬಾರ್ದು, ಬೆಳೆ ಹಾಳಾಗ್ತದೆ."

"ಆ ಪ್ರೋಟೀನು ಎಲೆಯಿಂದ ಸುಳಿಗೆ ನೇರ ಹೋಗ್ತೈತಾ? ಕಚೇರಿ ಮುಖಾಂತರ ಅಲ್ವಾ?"

"ಅಲ್ಲ ಸಾರ್."

"ನೋಡ್ರಿ, ಅಲ್ಲೇ ಇರೋದು ಅಶಿಸ್ತು."

'ಆದ್ರೆ' ಎಂಬುದರ ಹಿಂದಿನ ಮಾತನ್ನು ಇಲಾಖೆ ಅಂಗೀಕರಿಸಿತು. ಗದ್ದೆಯ ಸುತ್ತ ದೊಡ್ಡ ದೀಪಗಳು ನಿಂತವು. ಊರಿನ ಕರೆಂಟನ್ನೆಲ್ಲ ಅವಕ್ಕೆ ತಿರುಗಿಸಲಾಯಿತು. ಊರಿನವರು ರಾತ್ರಿ ಆ ಬೆಳಕಿಗೆ ಬಂದು ಬದುವಿನ ಮೇಲೆ ಕೂತು ಉಣ್ಣತೊಡಗಿದರು. ಪಕ್ಕದ ಗದ್ದೆಗಳು ಅನುಮತಿಯಿಲ್ಲದೆ ತೆನೆ ತೂಗಿದವು. ಅವುಗಳಿಗೆ ಎಚ್ಚರಿಕೆ ನೀಡಲಾಯಿತು.

ಹುಲಿಗೆಮ್ಮ ಕಚೇರಿಗೆ ಬಂದಳು. "ಸ್ವಾಮಿ, ಎಲ್ಲರದ್ದೂ ಕೊಯ್ಲಿಗೆ ಬಂತು. ನಂದು ನೋಡಿದ್ರೆ ಬರೀ ಹುಲ್ಲು. ಮನೇಲಿ ಉಣ್ಣಾಕೆ ಏನಿಕ್ಲಿ?"

"ಸಚಿವರು ಬರ್ಲಿ ತಡೀಯಮ್ಮ. ಇಂಥ ಭಾಗ್ಯ ಯಾವ ಭತ್ತಕ್ಕೈತೆ?"

ಅವಳು ಸೀದಾ ಗದ್ದೆಗೆ ಹೋಗಿ ಫ್ಯೂಜು ಕಿತ್ತು ಮಡಿಲಿಗೆ ಹಾಕಿಕೊಂಡಳು. ದೀಪ ಆರಿದ್ದು ಇಲಾಖೆಗೆ ತಿಳಿಯಲಿಲ್ಲ. ಕಚೇರಿ ಸಂಜೆಗೇ ಮುಚ್ಚುತ್ತಿತ್ತು.

ಮುಂದೆ ಪರಿಶೀಲನೆಗೆ ಬಂದ ಶಿವಕುಮಾರಪ್ಪನವರು ಗದ್ದೆ ತುಂಬ ಹೂ ಕಂಡು ಬೆವರಿದರು.

"ಇದಕ್ಕೆ ಯಾರು ಅನುಮತಿ ಕೊಟ್ಟೋರು?"

"ಕತ್ಲು ಕೊಡ್ತು ಸ್ವಾಮಿ," ಎಂದಳು ಹುಲಿಗೆಮ್ಮ.

ಕತ್ತಲಿಗೆ ಅಂಥ ಅಧಿಕಾರವಿಲ್ಲದ ಕಾರಣ ಭತ್ತವು ಹೂ ಬಿಟ್ಟಿಲ್ಲವೆಂದು ತೀರ್ಮಾನಿಸಲಾಯಿತು. ಬಿಟ್ಟಿಲ್ಲದ ಹೂವು ಕಾಳಾಯಿತು. ಹುಲಿಗೆಮ್ಮ ಕೊಯ್ದು, ಒಕ್ಕಿ, ಮನೆ ತುಂಬಿಸಿಕೊಂಡಳು.

ಕಡೆಗೂ ಸಚಿವರು ಬಂದರು. ಕೊಯ್ದ ಗದ್ದೆಯ ಒಣಗಿದ ಕೂಳೆಗಳಿಗೆ ಸೇವಂತಿಗೆ ಕಟ್ಟಿಸಲಾಗಿತ್ತು. ಸಚಿವರು ರಿಬ್ಬನ್ ಕತ್ತರಿಸಿ, "ಭತ್ತ ಇವತ್ತು ಹೂ ಬಿಟ್ಟೈತೆ" ಎಂದು ಘೋಷಿಸಿದರು. ಚಪ್ಪಾಳೆಯಾಯಿತು. ಬಿಂದು ಅವರಿಂದ ವಂದನಾರ್ಪಣೆಯಾಯಿತು.

ಮಧ್ಯಾಹ್ನ ಹುಲಿಗೆಮ್ಮ ಹೊಸ ಅಕ್ಕಿಯ ಅನ್ನ ಬಡಿಸಿದಳು. ಸಚಿವರು ಎರಡನೇ ಸಲ ಹಾಕಿಸಿಕೊಂಡು ಕೇಳಿದರು: "ಯಾವ ಗದ್ದೇದಮ್ಮ ಇದು?"

"ಇದೇ ಗದ್ದೇದು ಸ್ವಾಮಿ."

ಶಿವಕುಮಾರಪ್ಪನವರ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ನಿಂತಿತು.

ಸಚಿವರು ತಲೆದೂಗಿದರು. "ಹೂ ಬಿಡೋಕ್ ಮುಂಚೇನೇ ಅನ್ನ ಇಷ್ಟು ರುಚಿ ಇದ್ರೆ, ಬಿಟ್ಮೇಲೆ ಇನ್ನೆಂಗಿರಬೇಡ!"

ಹೌದೌದೆಂದರು ಎಲ್ಲರೂ. ಹುಲಿಗೆಮ್ಮ ಸಾರು ತರಲು ಒಳಗೆ ಹೋದಳು.