ಒಂಟಿ ಪರಮಾಣುವಿನ ಟಕ್ ಟಕ್

ಫಿಸಿಕ್ಸ್ ಮೇಷ್ಟ್ರಾದವನು ಹಾಡುಹಗಲಲ್ಲಿ ಹೆದರಿ ಬೆವೆತೆ ಅಂತ ಒಪ್ಪಿಕೊಳ್ಳುವುದು ಮರ್ಯಾದೆಯ ಮಾತಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಬೆವೆತೆ. ವಿಜಯನಗರದ ನಮ್ಮ ಕಾಲೇಜಿನ ನೆಲಮಾಳಿಗೆಯ ಲ್ಯಾಬಿನಲ್ಲಿ ಆರು ವರ್ಷದಿಂದ ನನಗೆ ಒಂದೇ ಕೆಲಸ: ಕೂದಲಿನಂಥ ಚಿನ್ನದ ತಂತಿಯನ್ನು ಟೇಬಲ್ಲಿನ ಮೇಲಿನ ಮೆಷಿನ್ನಿಗೆ ಸಿಕ್ಕಿಸಿ ಮೆಲ್ಲಗೆ ಎಳೆದು ಹರಿಯುವುದು. "ಊರವರೆಲ್ಲ ಚಿನ್ನ ಮನೆಗೆ ತರ್ತಾರೆ, ನೀವು ಹರೀತೀರಿ" ಅಂತ ಹೆಂಡತಿಯ ರಾಗ. ಹರಿಯುವ ಮುಂಚೆ ಎರಡು ತುದಿಗಳ ನಡುವೆ ಒಂದೇ ಒಂದು ಪರಮಾಣು ಸೇತುವೆಯಾಗಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕರೆಂಟು ಮೆಟ್ಟಿಲಿಳಿದ ಹಾಗೆ ಇಳಿದಿಳಿದು ಕೊನೆಗೆ ಆ ಒಂಟಿ ಜೀವದ ಮೇಲೆ ಹಾಯುತ್ತದೆ. ಆ ಕರೆಂಟಿನ ಗದ್ದಲವನ್ನು ನಾನು ಸ್ಪೀಕರಿಗೆ ಕೊಟ್ಟು ಕೇಳುತ್ತೇನೆ. ಅಲ್ಲಿಯವರೆಗೆ ಸುಯ್ಯೆನ್ನುವ ಅದು, ಒಂದೇ ಪರಮಾಣು ಉಳಿದಾಗ ಹೆಚ್ಚುಕಡಿಮೆ ಅಡಗಬೇಕು. ಆ ಮೌನದ ಗ್ರಾಫ್ ತಿಂಗಳೊಳಗೆ ಬರದಿದ್ದರೆ ನನ್ನ ಪಿಎಚ್‌ಡಿ ನೋಂದಣಿಯೇ ರದ್ದು.

ಎಲ್ಲಿ ಅಡಗುತ್ತೆ! ಸುಯ್ಯೆನ್ನುವುದು ನಿಂತ ಕೂಡಲೇ ಟಕ್, ಟಕ್, ಟಕ್. ಯಾರೋ ಚಪ್ಪಲಿ ಹಾಕಿಕೊಂಡು ನನ್ನ ಕುರ್ಚಿಯ ಹಿಂದೆ ಓಡಾಡಿದ ಹಾಗೆ. ಎದ್ದು ನೋಡಿದರೆ ನಿಲ್ಲುತ್ತಿತ್ತು, ಕೂತರೆ ಮತ್ತೆ ಬರುತ್ತಿತ್ತು. ಹಿಂದೆ ಇದೇ ಕುರ್ಚಿಯಲ್ಲಿ ಕೂತು, ಥೀಸಿಸ್ ಮುಗಿಸದೇ ತೀರಿಹೋದ ಮೇಷ್ಟ್ರೊಬ್ಬರಿದ್ದರು. ಅವರೇ ಅಂತ ನನಗೆ ಖಾತ್ರಿಯಾಯಿತು. ಮೆಷಿನ್ನಿಗೆ ನಿಂಬೆಹಣ್ಣು ನಿವಾಳಿಸಿದೆ. "ಸಾರ್, ನನ್ನದಾದ್ರೂ ಮುಗೀಲಿ ಬಿಡಿ" ಅಂತ ಗಾಳಿಗೆ ಕೈಮುಗಿದೆ.

"ಯಾರ ಹತ್ರ ಸಾರ್ ಮಾತಾಡ್ತಾ ಇದೀರಾ?" ಬಾಗಿಲಲ್ಲಿ ಅಟೆಂಡರ್ ರತ್ನಮ್ಮ. ನಾಚಿಕೆ ಬಿಟ್ಟು ಎಲ್ಲ ಹೇಳಿ, ಕೂತು, ಶಬ್ದವನ್ನೂ ಕೇಳಿಸಿದೆ. ಆಕೆ ಮೆಷಿನ್ ನೋಡಲಿಲ್ಲ, ಟೇಬಲ್ಲಿನ ಕೆಳಗೆ ಬಗ್ಗಿ ನೋಡಿದರು. "ಬೇಜಾರ್ ಮಾಡ್ಕೋಬೇಡಿ ಸಾರ್. ಕೂತ್ಕೊಂಡು ಹಂಗೆ ಕಾಲು ಅಲ್ಲಾಡಿಸ್ಬಾರ್ದು, ಮನೆಗೆ ದರಿದ್ರ."

ನೋಡಿದರೆ ನನ್ನ ಬಲಗಾಲು ಕುಣಿಯುತ್ತಿದೆ! ಅದರ ಅದುರು ಟೇಬಲ್ಲಿನಿಂದ ತಂತಿಗೆ, ತಂತಿಯಿಂದ ಸ್ಪೀಕರಿಗೆ. ಗಟ್ಟಿಯಾಗಿ ಹಿಡಿದೆ, ಟಕ್ ಟಕ್ ನಿಂತಿತು. ಎರಡು ನಿಮಿಷಕ್ಕೆ ಮತ್ತೆ ಶುರು. ಬಗ್ಗಿ ನೋಡಿದೆ, ಕಾಲು ನನ್ನದೇ, ಆದರೆ ಕುಣಿಸುತ್ತಿರುವುದು ನಾನಲ್ಲ. ದೆವ್ವ ಅಂದುಕೊಂಡಾಗಲೂ ಅಷ್ಟು ಮೈ ಜುಮ್ಮೆಂದಿರಲಿಲ್ಲ.

"ನೀವು ಹೊರಗೆ ಬನ್ನಿ ಸಾರ್" ಅಂತ ರತ್ನಮ್ಮ ನನ್ನನ್ನು ಕರೆದು, ಮೆಷಿನ್ನನ್ನು ಅದರ ಪಾಡಿಗೆ ಓಡಲು ಬಿಟ್ಟು ಬಾಗಿಲು ಮುಚ್ಚಿದರು. ಕಾರಿಡಾರಿನಲ್ಲಿ ಹತ್ತು ನಿಮಿಷ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಒಳಗೆ ಸುಯ್ಯೆನ್ನುವುದು ಅಡಗಿತು, ಟಕ್ ಟಕ್ ಬರಲೇ ಇಲ್ಲ.

ಗ್ರಾಫ್ ನೋಡಿ ನಮ್ಮ ಗೈಡ್ ಮೊದಲ ಸಲ ನಕ್ಕರು. "ರೀಡಿಂಗ್ ತೆಗೆಯುವಾಗ ಪಕ್ಕದಲ್ಲಿ ಯಾರಿದ್ರು?"

"ಯಾರೂ ಇರಲಿಲ್ಲ ಸಾರ್."

"ಅದಕ್ಕೇ" ಅಂದು ಸಹಿ ಹಾಕಿದರು.

ಈಗ ನಾನು ಡಾಕ್ಟರ್. ಪದವಿ ಸಿಕ್ಕಿದ್ದು ನಾನು ಲ್ಯಾಬಿನಲ್ಲಿ ಇಲ್ಲದ ಹತ್ತು ನಿಮಿಷಕ್ಕೆ. ಇದ್ದ ಆರು ವರ್ಷ ಅಲ್ಲಿ ಕಾಟ ಕೊಟ್ಟ ದೆವ್ವ ನಾನೇ.