ಗೂರಲಪ್ಪನ ಎಡಬಾಗಿಲು

ಹೊಸ ಕಾರು ಕೊಂಡು ನಾನು ಕೆಟ್ಟೆ. ಕಾರು ಬಹಳ ಚೆನ್ನಾಗಿದೆ. ನನ್ನ ದುಃಖವೇ ಅದು.

ನಾನು ಕಚೇರಿಯಲ್ಲಿ ಟೆಂಡರ್ ವಿಭಾಗದವನು. ಮೂರು ಕೊಟೇಶನ್ ಕೈಗೆ ಬಾರದೆ ಸೀನುವವನೂ ಅಲ್ಲ. (ಮದುವೆಯೊಂದನ್ನು ಮಾತ್ರ ಒಂದೇ ಕೊಟೇಶನ್ ಮೇಲೆ ಮಾಡಿಕೊಂಡೆ. ದೂರೇನೂ ಇಲ್ಲ, ದೂರುವ ಧೈರ್ಯವೂ ಇಲ್ಲ.) ಅಂಥವನು ನಮ್ಮ ಹಳೇ ಕಾರನ್ನು ಅಷ್ಟು ವರ್ಷ ಸಹಿಸಿಕೊಂಡೆನೆಂದರೆ ಅದಕ್ಕೆ ನನ್ನ ಹೆಂಡತಿಯ ಹಟವೇ ಕಾರಣ. ಏರು ಹತ್ತುವಾಗ ಅದು ಕೆಮ್ಮುವ ವೈಖರಿಗೆ ಮಗಳು ‘ಗೂರಲಪ್ಪ’ ಎಂದು ಹೆಸರಿಟ್ಟಿದ್ದಳು. ವೈಪರು ಹೆಂಡತಿಯ ಕಡೆಯದು ಮಾತ್ರ ಆಡುತ್ತಿತ್ತು. ಮಳೆ ಬಂದರೆ ರಸ್ತೆ ಅವಳಿಗೆ ಕಾಣುತ್ತಿತ್ತು, ಸ್ಟೀರಿಂಗ್ ನನ್ನ ಕೈಲಿ. (ಸಂಸಾರವೂ ಹೀಗೇ ನಡೆದಿದ್ದರಿಂದ ಅಭ್ಯಾಸಕ್ಕೇನೂ ತೊಂದರೆಯಾಗಲಿಲ್ಲ.) ಗ್ಯಾರೇಜಿನವನು ನನ್ನನ್ನು ಕಂಡ ಕೂಡಲೇ ಕುರ್ಚಿ ಒರೆಸುತ್ತಿದ್ದ. ಆ ಕುರ್ಚಿ ಬಂದದ್ದೂ ನನ್ನ ದುಡ್ಡಿನಲ್ಲೇ.

“ಮಾರಿಬಿಡೋಣ ಕಣೇ.”

“ಗೂರಲಪ್ಪನ್ನ ಮಾರೋ ಮಾತೇ ಬೇಡ.”

“ಅದರಲ್ಲಿ ಅಂಥಾದ್ದೇನಿದೆ?”

“ನಿಮಗೆ ಗೊತ್ತಾಗಲ್ಲ ಬಿಡಿ,” ಎಂದು ಸುಮ್ಮನೆ ನಗುತ್ತಿದ್ದಳು. ಆ ನಗುವಿನ ಅರ್ಥವನ್ನು ನಾನು ಆಗಲೇ ಕೇಳಬೇಕಿತ್ತು.

ಅವಳನ್ನು ಒಪ್ಪಿಸಲು ಅವಳ ಅಕ್ಕನ ಮನೆಯೇ ಸರಿಯಾದ ರಣರಂಗವೆಂದು ನಿರ್ಧರಿಸಿದೆ. ನನ್ನ ಷಡ್ಡಕ ಆಗಷ್ಟೇ ಹೊಸ ಕಾರು ತಂದಿದ್ದ. ಆ ಮನೆಯಲ್ಲಿ ನನಗೆ ವಿಶೇಷ ಗೌರವವೂ ಇತ್ತು. ನಾವು ಬಂದಾಗಲೆಲ್ಲ ಅಕ್ಕ ಗೇಟಿನಲ್ಲಿ ನಿಂತು, ನಾವು ಇಳಿಯುವುದನ್ನು ನೋಡಿ, ಗಂಡನಿಗೆ “ನೋಡಿ ಕಲೀರಿ!” ಎನ್ನುತ್ತಿದ್ದರು. ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವ ನನ್ನ ಕೈಚಳಕವನ್ನೇ ಹೊಗಳುತ್ತಿದ್ದಾರೆಂದು ನಾನು ಬೀಗುತ್ತಿದ್ದೆ.

ಆ ದಿನ ಕಾಫಿ ಕುಡಿಯುತ್ತ ಎರಡೂ ವಾಹನಗಳ ತುಲನಾತ್ಮಕ ಅಧ್ಯಯನವನ್ನು ಮಂಡಿಸಿದೆ. ನಂಬಿಕೆ, ರಿಪೇರಿ, ಸೌಕರ್ಯ. ಹೆಂಡತಿ ಒಂದಕ್ಕೂ ಜಗ್ಗಲಿಲ್ಲ. “ಕೆಮ್ಮಿದ್ರೇನು, ಮನೆ ತಲುಪಿಸಿದಾನಲ್ಲ?” ಎಂದಳು. ನನಗೆ ರೇಗಿತು. ಬ್ರಹ್ಮಾಸ್ತ್ರ ತೆಗೆದೆ.

“ಅದೆಲ್ಲಾ ಹಾಳಾಗಲಿ ಅಕ್ಕಾ, ಆ ಎಡಬಾಗಿಲು! ಒಳಗಿನ ಹಿಡಿ ಮುರಿದು ಎಷ್ಟು ವರ್ಷ ಆಯ್ತು! ನಮ್ಮಪ್ಪ ಒಂದ್ಸಲ ಎಳೆದಾಗ ಕೈಗೇ ಬಂದುಬಿಡ್ತು, ಸುಮ್ಮನೆ ಸಿಕ್ಕಿಸಿಟ್ಟಿದೀನಿ. ಬಿಸಿಲಿರಲಿ, ಮಳೆ ಇರಲಿ, ಪ್ರತಿಸಲ ನಾನೇ ಇಳಿದು, ಸುತ್ತಿ ಬಂದು, ಹೊರಗಿಂದ ತೆಗೀಬೇಕು. ಹೊಸ ಕಾರು ಬಂದ್ರೆ ಆ ಪೀಡೆ ತಪ್ಪುತ್ತೆ!”

ಅಕ್ಕ ತಂಗಿಯ ಮುಖ ನೋಡಿದರು. ಷಡ್ಡಕನ ಮುಖ ಮಾತ್ರ ಅರಳುತ್ತಾ ಹೋಯಿತು.

“ಹಿಡಿ ಮುರಿದಿತ್ತಾ?” ಎಂದಳು ಹೆಂಡತಿ.

“ನಿನಗೆ ಗೊತ್ತಿರ್ಲಿಲ್ವಾ?”

“ನಾನು ಯಾವತ್ತು ಅದನ್ನ ಮುಟ್ಟಿದೀನಿ? ನೀವೇ ಬರ್ತಿದ್ರಲ್ಲ...”

“ಅಯ್ಯೋ, ಇದಕ್ಕಾ ನಾನು ಇಷ್ಟು ವರ್ಷ ಬೈಸ್ಕೊಂಡಿದ್ದು!” ಎಂದು ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಹೆಂಡತಿ ಲೋಟ ಕೆಳಗಿಟ್ಟಳು. “ಸರಿ ರೀ. ಹೊಸ ಕಾರೇ ತಗೊಳ್ಳೋಣ.”

ಗೆದ್ದೆ. ಅಂಥ ಗೆಲುವು ನನ್ನ ಶತ್ರುವಿಗೂ ಬೇಡ. ಅವತ್ತು ವಾಪಸು ಬಂದು ಮನೆಯ ಮುಂದೆ ನಾನು ಸುತ್ತಿ ಬರುವಷ್ಟರಲ್ಲಿ ಅವಳು ಕಿಟಕಿಯ ಗಾಜು ಇಳಿಸಿ, ಹೊರಗೆ ಕೈ ಹಾಕಿ, ತಾನೇ ಬಾಗಿಲು ತೆಗೆದುಕೊಂಡು ಇಳಿದಿದ್ದಳು. ಇಷ್ಟು ಸುಲಭವೆಂದು ನನಗೂ ಹೊಳೆದಿರಲಿಲ್ಲ.

ಹೊಸ ಕಾರು ಬಂತು. ಮೊದಲ ದಿನವೇ ನಾನು ಕೆಳಗೆ ಹಾರಿ ಓಡಿದೆ. ಅವಳು ಒಳಗಿಂದ ತಳ್ಳಿದ ಬಾಗಿಲು ನನ್ನ ಮೊಣಕಾಲಿಗೆ ಬಡಿಯಿತು. “ಯಾಕೆ ತೊಂದ್ರೆ ತಗೋತೀರಾ? ಹಿಡಿ ಗಟ್ಟಿಯಾಗಿದೆ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಗ್ಯಾರೇಜಿಗೆ ಹೋಗಿ ಆ ಹಿಡಿಯನ್ನು ಮುರಿದುಕೊಡು ಎಂದು ಕೇಳಿದೆ. ಅವನು ನನಗೆ ಒಂದು ಲೋಟ ನೀರು ತರಿಸಿ, ಮನೆಯಲ್ಲಿ ಎಲ್ಲ ಆರೋಗ್ಯವೇ ಎಂದು ವಿಚಾರಿಸಿದ.

ಕೊನೆಗೆ ಕಾರಿನ ಸೌಕರ್ಯಗಳಲ್ಲೇ ದಾರಿ ಸಿಕ್ಕಿತು: ಚೈಲ್ಡ್ ಲಾಕ್! ಹಿಂದಿನ ಬಾಗಿಲಿಗೆ ಅದನ್ನು ಹಾಕಿದರೆ ಒಳಗಿಂದ ತೆಗೆಯಲು ಬರುವುದಿಲ್ಲ. “ಹಿಂದೆ ಕೂತ್ಕೋ, ಕಾಲು ಚಾಚಬಹುದು,” ಎಂದು ಪುಸಲಾಯಿಸಿ ಕೂರಿಸಿಕೊಂಡು ಅಕ್ಕನ ಮನೆಗೇ ಹೊರಟೆ. ಈ ಸಲ ಮಾತ್ರ ನಾನು ಮನಸಾರೆ ತೆಗೆಯುವವನಿದ್ದೆ. ಅದು ಅವಳಿಗೆ ತಿಳಿಯಬೇಕಿತ್ತು. ಗೇಟಿನ ಮುಂದೆ ನಿಲ್ಲಿಸಿ, ಓಡಿ ಬಂದು, ಬಾಗಿ ಬಾಗಿಲು ತೆಗೆದೆ.

ಅಲ್ಲಿಗೆ ಹೊಸದಾಗಿ ಸೇರಿದ್ದ ವಾಚ್‌ಮನ್ ಹತ್ತಿರ ಬಂದ. “ಡ್ರೈವರಣ್ಣಾ, ಗಾಡಿ ಆ ಕಡೆ ಹಾಕು. ಹೊಸದಾಗಿ ಸೇರಿದಾರಾ ಅಮ್ಮಾ?”

ಅವಳು ನನ್ನನ್ನು ಒಮ್ಮೆ ನೋಡಿದಳು. ಗಂಡ ಎನ್ನುತ್ತಾಳೆಂದು ಕಾದೆ.

“ಇಲ್ಲಪ್ಪ, ಹಳಬರೇ. ಮುಂಚೆ ಮನಸ್ಸಿಟ್ಟು ಬಾಗಿಲು ತೆಗೀತಿದ್ರು ಅಂದ್ಕೊಂಡಿದ್ದೆ,” ಎಂದು ಒಳಗೆ ಹೋದಳು.

ನಾನು ಗಾಡಿ ಆ ಕಡೆ ಹಾಕಿದೆ.